ಒಂದು ಕಂತಿಗೆ ಒಂದೇ ಹಟ

ನನ್ನ ಚಿಕ್ಕಮ್ಮ ಟಿವಿಯ ಜೊತೆ ಜಗಳವಾಡುತ್ತಿದ್ದಳು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಜಗಳ. ರಾತ್ರಿ ಎಂಟಕ್ಕೆ ಆಸ್ಪತ್ರೆಯ ಧಾರಾವಾಹಿ ಶುರುವಾದರೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಪರದೆಯ ಮುಂದೆ ನಿಂತುಬಿಡುತ್ತಿದ್ದಳು.

"ಏನಪ್ಪಾ ಡಾಕ್ಟ್ರೇ, ಸ್ಟೆತಾಸ್ಕೋಪ್ ಹಿಂದುಮುಂದಾಗಿ ಕಿವಿಗೆ ಹಾಕ್ಕೊಂಡಿದೀಯ, ನಿನಗೇನು ಮಣ್ಣು ಕೇಳಿಸತ್ತೆ? ಅಯ್ಯೋ ನೋಡೇ ಅಕ್ಕ, ಮೂರು ದಿನದಿಂದ ಪ್ರಜ್ಞೆ ಇಲ್ದೆ ಮಲಗಿದಾಳಂತೆ, ತುಟಿಗೆ ಬಣ್ಣ ಬೇರೆ!"

"ಗಾಳಿ ಗುದ್ದಿ ಯಾಕೆ ಮೈ ನೋಯಿಸ್ಕೋತೀಯ? ನೀನು ಅಡ್ಡ ನಿಂತ್ರೆ ನಂಗೆ ಆ ಬಣ್ಣಾನೂ ಕಾಣಲ್ಲ. ಸರ್ಕೋ" ಎನ್ನುತ್ತಿದ್ದಳು ಅಮ್ಮ.

ಅಮ್ಮ ಅಕ್ಕ, ಚಿಕ್ಕಮ್ಮ ತಂಗಿ. ಇಬ್ಬರ ನಡುವೆ ಆರು ವರ್ಷ. ಚಿಕ್ಕಮ್ಮ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ನರ್ಸ್ ಆಗಿದ್ದವಳು, ಕೊನೆಯ ಹನ್ನೆರಡು ವರ್ಷ ಹೆಂಗಸರ ವಾರ್ಡಿನ ಹೆಡ್ ನರ್ಸ್. ಹಾಸಿಗೆಯ ಚಾದರದ ನಾಲ್ಕು ಮೂಲೆಗಳನ್ನೂ ಅಂಚೆ ಲಕೋಟೆ ಮಡಿಸಿದ ಹಾಗೆ ಮಡಿಸಬೇಕು ಎನ್ನುವುದು ಅವಳ ಕಟ್ಟಪ್ಪಣೆ. ಒಂದು ಮೂಲೆ ಸಡಿಲವಿದ್ದರೂ ಪೂರ್ತಿ ಕಿತ್ತು ನೆಲಕ್ಕೆ ಹಾಕಿ ಮತ್ತೆ ಹಾಸಿಸುತ್ತಿದ್ದಳಂತೆ. ಅದಕ್ಕೇ ಅಲ್ಲಿಯ ಹುಡುಗಿಯರು ಅವಳಿಗೆ ಮೂಲೆ ಸಿಸ್ಟರ್ ಎಂದು ಹೆಸರಿಟ್ಟಿದ್ದರು. ಅವಳು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ವಿಚಿತ್ರವೆಂದರೆ ಎಣಿಸಿ ನೋಡಿದರೆ ಹೆಚ್ಚಿನ ಸಲ ಮೂರೇ ಇರುತ್ತಿದ್ದವು.

ಮದುವೆಯಾಗಲಿಲ್ಲ. ನಮ್ಮ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದಳು. ಅಪ್ಪ ಹೋದಮೇಲೆ ಕೆಳಗೆ ಅಮ್ಮ ಮತ್ತು ನಾನು. ಊಟ ಮೂವರದೂ ಒಟ್ಟಿಗೆ. ನಾನು ನೋಂದಣಿ ಕಚೇರಿಯಲ್ಲಿ ಟೈಪಿಸ್ಟ್. ನನ್ನ ಬಾಯಿ ಸ್ವಲ್ಪ ಜೋರು. ಅದು ಮುಂದೆ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿಬಿಟ್ಟೆ.

ಅಮ್ಮನಿಗೆ ಕಾಯಿಲೆ ಕಸಾಲೆಯ ವಿಷಯದಲ್ಲಿ ತಂಗಿಯ ಮಾತೇ ಕೊನೆ. ಡಾಕ್ಟರು ಚೀಟಿ ಬರೆದುಕೊಟ್ಟರೆ ಅದನ್ನು ಔಷಧಿ ಅಂಗಡಿಗಿಂತ ಮೊದಲು ಮಹಡಿಗೆ ಒಯ್ಯುತ್ತಿದ್ದಳು. ಚಿಕ್ಕಮ್ಮ ಕನ್ನಡಕ ಏರಿಸಿ ಓದಿ, "ಹೂಂ, ತಗೋ" ಎಂದರೆ ಮಾತ್ರ ಮಾತ್ರೆ ಗಂಟಲಲ್ಲಿ ಇಳಿಯುತ್ತಿತ್ತು.

ನಿವೃತ್ತಿಯ ನಂತರ ಚಿಕ್ಕಮ್ಮನಿಗೆ ಕೈ ಕಟ್ಟಿದಂತಾಯಿತು. ಮನೆಯಲ್ಲಿ ಇರುವುದೇ ಮೂರು ಹಾಸಿಗೆ, ಹನ್ನೆರಡು ಮೂಲೆ. ಅವನ್ನು ಎಷ್ಟು ಸಲ ಮಡಿಸುವುದು? ಧಾರಾವಾಹಿಯ ತಪ್ಪುಗಳನ್ನು ಪಟ್ಟಿ ಮಾಡಿ ಚಾನೆಲ್ಲಿಗೆ ಕಾಗದ ಬರೆಯತೊಡಗಿದಳು. ವಾರಕ್ಕೊಂದು. ಟೈಪ್ ಮಾಡಿಕೊಡುವ ಕೆಲಸ ನನ್ನದು. 'ಎದೆಯ ಎಕ್ಸ್-ರೇಯನ್ನು ತಿರುಗಿಸಿ ಹಿಡಿದಿದ್ದರಿಂದ ರೋಗಿಯ ಹೃದಯ ಬಲಗಡೆಗೆ ಬಂದಿದೆ, ದಯವಿಟ್ಟು ಅದನ್ನು ಎಡಕ್ಕೆ ತನ್ನಿ.' ಇಂಥವು. ನಾನು ನಗುತ್ತ ಟೈಪ್ ಮಾಡುತ್ತಿದ್ದೆ. ಉತ್ತರ ಬರುತ್ತದೆ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಇಪ್ಪತ್ತಮೂರನೆಯ ಕಾಗದಕ್ಕೆ ಫೋನು ಬಂತು. ನಿರ್ದೇಶಕರೇ ಮಾತನಾಡಿದರಂತೆ. "ಅಷ್ಟು ದೂರದಿಂದ ಯಾಕಮ್ಮಾ ಬೈತೀರಿ, ಇಲ್ಲೇ ಬಂದು ಕೂತು ಬೈದುಬಿಡಿ."

ಹಾಗೆ ಚಿಕ್ಕಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಕೆಲಸಕ್ಕೆ ಸೇರಿದಳು. ಹಳೆಯ ಗೋದಾಮೊಂದರೊಳಗೆ ಅವರು ಆಸ್ಪತ್ರೆ ಕಟ್ಟಿದ್ದರು. ರಜೆ ಹಾಕಿ ಒಂದು ದಿನ ನಾನೂ ನೋಡಲು ಹೋಗಿದ್ದೆ. ಮೂರು ಗೋಡೆಯ ವಾರ್ಡು, ನಾಲ್ಕನೆಯ ಗೋಡೆ ಇರಬೇಕಾದಲ್ಲಿ ಕ್ಯಾಮೆರಾ. ಆಪರೇಷನ್ ಕೋಣೆಯ ಬಾಗಿಲು ತೆರೆದರೆ ಹಿಂದೆ ಬಣ್ಣದ ಡಬ್ಬಗಳು. ಲಿಫ್ಟಿಗೆ ಬಾಗಿಲಿದೆ, ಲಿಫ್ಟಿಲ್ಲ. ಡ್ರಿಪ್ಪಿನ ಕೊಳವೆ ರೋಗಿಯ ತೋಳಿನ ಕೆಳಗೆ ಹೋಗಿ ಒಂದು ಖಾಲಿ ಬಾಟಲಿಗೆ ಇಳಿಯುತ್ತಿತ್ತು. ಚಿಕ್ಕಮ್ಮ ಅಲ್ಲಿ ಬಿಳಿ ಕೋಟು ಹಾಕಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ನರ್ಸ್ ವೇಷದ ನಟಿಯರು ಅವಳನ್ನು ಕಂಡರೆ ಬಿಚ್ಚಿದ ಕೂದಲು ಗಂಟು ಕಟ್ಟಿಕೊಳ್ಳುತ್ತಿದ್ದರು.

ನಿರ್ದೇಶಕರು ಕೆಟ್ಟವರಲ್ಲ. ಹುಳಿತೇಗಿನ ಮನುಷ್ಯ, ಜೇಬಿನ ತುಂಬ ಅದರ ಮಾತ್ರೆ. ದಿನಕ್ಕೊಂದು ಕಂತು ಮುಗಿಸಲೇಬೇಕು. ಚಿಕ್ಕಮ್ಮ ಬಂದ ಮೊದಲ ವಾರ ಒಂದು ಕಂತಿಗೆ ಎರಡು ದಿನ ಹಿಡಿಯಿತು. ಆಗ ಅವರು ಅವಳನ್ನು ಕರೆದು ಕೈಮುಗಿದರಂತೆ.

"ಸಿಸ್ಟರ್, ನೀವು ಹೇಳೋದೆಲ್ಲ ಸರಿ. ಎಲ್ಲ ಸರಿ ಮಾಡಿದ್ರೆ ನಮ್ಮ ಅಂಗಡಿ ಮುಚ್ಚತ್ತೆ. ಸಣ್ಣಪುಟ್ಟದ್ದು ಹುಡುಗೀರಿಗೆ ನೀವೇ ಹೇಳ್ಕೊಂಡು ಸರಿ ಮಾಡ್ಕೊಳ್ಳಿ. ಕಥೆ ಬದಲಾಯಿಸೋ ಅಂಥದ್ದು ಮಾತ್ರ ಒಂದು ಕಂತಿಗೆ ಒಂದೇ ಹಟ. ಆ ಒಂದನ್ನ ನಾನು ಕೇಳ್ತೀನಿ. ಮಿಕ್ಕಿದ್ದಕ್ಕೆ ನೀವು ಕಣ್ಣು ಮುಚ್ಕೋಬೇಕು."

ಚಿಕ್ಕಮ್ಮ ಒಪ್ಪಿಕೊಂಡಳು. ಇಡೀ ವಾರ್ಡಿನ ಮೂಲೆಗಳನ್ನು ಎಳೆದು ನೋಡುತ್ತಿದ್ದವಳು ಒಂದೇ ಮೂಲೆಗೆ ಒಪ್ಪಿಕೊಂಡಳಲ್ಲ ಎಂದು ನನಗೆ ಆಶ್ಚರ್ಯವಾಗಿತ್ತು. ಈಗ ಅನ್ನಿಸುತ್ತದೆ, ಅವಳಿಗೆ ಮತ್ತೆ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಬೇಕಾಗಿತ್ತು.

ಅವಳು ಗೆದ್ದ ಹಟಗಳಲ್ಲಿ ಅಮ್ಮನಿಗೆ ಬಲು ಇಷ್ಟವಾದದ್ದು ಮಂಚದ ಕೆಳಗಿನ ಹೆಂಗಸು. ಧಾರಾವಾಹಿಯ ಆಸ್ಪತ್ರೆಯಲ್ಲಿ ರೋಗಿಗಳು ಒಂಟಿಯಾಗಿ ಮಲಗಿರುತ್ತಿದ್ದರು. ವರಾಂಡದಲ್ಲಿ ನರಪಿಳ್ಳೆಯಿಲ್ಲ. "ಇದೆಲ್ಲಿಯ ಆಸ್ಪತ್ರೆ ಡೈರೆಕ್ಟ್ರೇ? ನಮ್ಮ ಜನ ಹೀಗೆ ಒಬ್ಬರನ್ನ ಬಿಟ್ಟು ಹೋಗ್ತಾರಾ? ಒಂದು ರೋಗಿಗೆ ಆರು ಜನ ಬರ್ತಾರೆ. ಒಬ್ಳು ಮಂಚದ ಕೆಳಗೆ ಚಾಪೆ ಹಾಸ್ಕೊಂಡು ಮಲಗ್ತಾಳೆ. ಅತ್ತಿಗೆ ಊಟದ ಕ್ಯಾರಿಯರ್ ತರ್ತಾಳೆ, ಭಾವ ಬಂದು ಎಲ್ರಿಗೂ ಬುದ್ಧಿ ಹೇಳಿ ಹೋಗ್ತಾನೆ. ನಮ್ಮಲ್ಲಿ ಕಾಯಿಲೆ ಅನ್ನೋದು ಒಬ್ಬರಿಗೆ ಬರೋದಲ್ಲ, ಮನೆಗೇ ಬರೋದು."

ಆ ಕಂತು ಪ್ರಸಾರವಾದ ದಿನ ಅಮ್ಮ ಅತ್ತುಬಿಟ್ಟಳು. ಅಪ್ಪನ ಕೊನೆಯ ಹತ್ತೊಂಬತ್ತು ದಿನ ಅವಳು ಹಾಗೇ ಮಲಗಿದ್ದಳು, ಮಂಚದ ಕೆಳಗೆ, ಕೈ ಮೇಲೆ ಚಾಚಿ ಅಪ್ಪನ ಬೆರಳು ಹಿಡಿದುಕೊಂಡು. "ನಮ್ಮನ್ನೇ ತೋರಿಸಿದಾರೆ ಕಣೇ" ಎಂದಳು.

ಅಂದಿನಿಂದ ಅಮ್ಮನಿಗೆ ಆ ಧಾರಾವಾಹಿ ಪಾಠದ ಪುಸ್ತಕವಾಯಿತು. ಕೊನೆಯಲ್ಲಿ ಹೆಸರುಗಳು ಸರಸರನೆ ಓಡುವಾಗ ಎದ್ದು ಹೋಗಿ ಟಿವಿಯ ಪಕ್ಕ ನಿಲ್ಲುತ್ತಿದ್ದಳು. 'ವೈದ್ಯಕೀಯ ಸಲಹೆ' ಎಂದು ತಂಗಿಯ ಹೆಸರು ಬರುವಷ್ಟರಲ್ಲಿ ಪರದೆಗೆ ಬೆರಳು ತಾಗಿಸಬೇಕು. ಮೂರರಲ್ಲಿ ಎರಡು ಸಲ ತಪ್ಪಿಹೋಗುತ್ತಿತ್ತು. ಪಕ್ಕದ ಮನೆಯವರಿಗೆಲ್ಲ ಹೇಳಿದ್ದಳು, "ಇದರಲ್ಲಿ ಬರೋದೆಲ್ಲ ನಿಜ. ನನ್ನ ತಂಗಿ ನೋಡಿ ಸೈ ಅಂದ್ಮೇಲೇ ತೋರಿಸೋದು." ಒಂದು ಕಂತಿಗೆ ಒಂದೇ ಹಟ ಎನ್ನುವ ಒಪ್ಪಂದ ಅಮ್ಮನಿಗೂ ಗೊತ್ತಿತ್ತು. ಆದರೆ ಮಿಕ್ಕಿದ್ದೆಲ್ಲ ತಪ್ಪಿರಬಹುದು ಎಂದು ಅವಳ ತಲೆಗೆ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಇನ್ನು ಆ ಕಂತಿನ ವಿಷಯ.

ಕಥಾನಾಯಕ ಡಾಕ್ಟರು. ಅವನ ತಾಯಿಗೆ ಹೃದಯಾಘಾತವಾಗಬೇಕು. ದೃಶ್ಯದ ಹಾಳೆಯಲ್ಲಿ ಬರೆದದ್ದು ಹೀಗೆ: ತಾಯಿ ಊಟ ಬಡಿಸುತ್ತಿದ್ದಾಳೆ, ಇದ್ದಕ್ಕಿದ್ದಂತೆ ಎಡ ಎದೆ ಹಿಡಿದುಕೊಳ್ಳುತ್ತಾಳೆ, ತಟ್ಟೆ ಬೀಳುತ್ತದೆ, ಅವಳೂ ಬೀಳುತ್ತಾಳೆ. ಮುಂದಿನ ದೃಶ್ಯದಲ್ಲಿ ದೊಡ್ಡ ಡಾಕ್ಟರು ಹೊರಗೆ ಬಂದು, ಕನ್ನಡಕ ತೆಗೆದು, ವರಾಂಡದಲ್ಲಿ ನಿಂತಿದ್ದ ಸೊಸೆಗೆ "ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ" ಎಂದು ಹೇಳಿ ನಡೆದುಬಿಡುತ್ತಾರೆ.

ಚಿಕ್ಕಮ್ಮನಿಗೆ ಎರಡೂ ಸರಿಬರಲಿಲ್ಲ. ಅವತ್ತು ಅಲ್ಲಿ ನಡೆದ ಮಾತು ನನಗೆ ತಿಳಿದದ್ದು ಬಹಳ ಆಮೇಲೆ, ನಿರ್ದೇಶಕರಿಂದ.

"ಎಲ್ರಿಗೂ ಹೀಗೆ ಎದೆ ಹಿಡ್ಕೊಳ್ಳೋ ಅಂಥ ನೋವು ಬರಲ್ಲ ಡೈರೆಕ್ಟ್ರೇ. ಹೆಂಗಸರಲ್ಲಿ ಎಷ್ಟೋ ಸಲ ದವಡೆ ನೋವು, ಬೆನ್ನು ನೋವು. ತಣ್ಣಗೆ ಬೆವರ್ತಾರೆ, ವಾಕರಿಕೆ ಅಂತಾರೆ, ಸುಸ್ತು ಅಂತಾರೆ. ಹೊಟ್ಟೆಯುರಿ ಅಂತ ಮಾತ್ರೆ ನುಂಗಿ ಮಲಗಿದ್ದು ಮಾರನೇ ದಿನ ಬಂದೋರನ್ನ ನನ್ನ ವಾರ್ಡಲ್ಲಿ ಎಷ್ಟು ನೋಡಿದೀನಿ."

"ದವಡೆ ಹಿಡ್ಕೊಂಡ್ರೆ ನೋಡೋರು ಹಲ್ಲು ನೋವು ಅಂದ್ಕೋತಾರೆ ಸಿಸ್ಟರ್."

"ಅದನ್ನೇ ನಾನೂ ಹೇಳ್ತಿರೋದು!"

"ಸರಿ. ಎರಡನೇದು ಯಾವುದು?"

ಎರಡನೆಯದು ಕುರ್ಚಿ. ಕೆಟ್ಟ ಸುದ್ದಿಯನ್ನು ನಿಂತವರಿಗೆ ಹೇಳಬಾರದು, ಮೊದಲು ಕೂರಿಸಬೇಕು ಎನ್ನುವುದು ಚಿಕ್ಕಮ್ಮನ ನಿಯಮ. ಅದಕ್ಕೊಂದು ಹಿನ್ನೆಲೆಯಿತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಬ್ಬ ಹೆಂಗಸು ಕೈಯಲ್ಲಿ ಫ್ಲಾಸ್ಕ್ ಹಿಡಿದು ಮೆಟ್ಟಿಲು ಹತ್ತುತ್ತ, "ನಮ್ಮವರು ಹೇಗಿದಾರೆ ಸಿಸ್ಟರ್?" ಎಂದು ಕೇಳಿದಳು. ಚಿಕ್ಕಮ್ಮ ಮೆಟ್ಟಿಲ ಮೇಲೆಯೇ ಹೇಳಿಬಿಟ್ಟಳು. ಆ ಹೆಂಗಸು ಹನ್ನೊಂದು ಮೆಟ್ಟಿಲು ಉರುಳಿದಳು. "ಅವತ್ತು ಅವಳು ಗಂಡನ್ನೂ ಕಳ್ಕೊಂಡ್ಳು, ಕೈನೂ ಮುರ್ಕೊಂಡ್ಳು. ಕೈ ಮುರಿದಿದ್ದು ನನ್ನ ಬಾಯಿ" ಎಂದು ಚಿಕ್ಕಮ್ಮ ಈ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ನಿರ್ದೇಶಕರು ಮಾತ್ರೆ ಚಪ್ಪರಿಸುತ್ತ, "ಎದೆನೋ ಕುರ್ಚಿನೋ, ಒಂದು ಹೇಳಿ ಸಿಸ್ಟರ್. ಟೀ ಮುಗಿಯೋವರೆಗೂ ಟೈಮಿದೆ" ಎಂದರು.

ಚಿಕ್ಕಮ್ಮ ಟೀ ಮುಗಿಸಿ ಕುರ್ಚಿ ಎಂದಳು.

ಆ ಸಂಜೆ ಊಟಕ್ಕೆ ಕೂತಾಗ ಅವಳ ಮುಖ ಅರಳಿತ್ತು. "ಇವತ್ತು ಕುರ್ಚಿ ಗೆದ್ದೆ ಕಣೇ ಅಕ್ಕ! ದೊಡ್ಡ ಡಾಕ್ಟ್ರು ಸೊಸೇನ ಕೂರಿಸಿ, ತಾನೂ ಕೂತು, ಆಮೇಲೆ ಹೇಳ್ತಾನೆ. ಎಷ್ಟು ಚೆನ್ನಾಗಿ ಬಂತು ಗೊತ್ತಾ, ಲೈಟಿನ ಹುಡುಗರೂ ಕಣ್ಣೊರೆಸ್ಕೊಂಡ್ರು." ಆಮೇಲೆ ಅನ್ನ ಕಲಸುತ್ತ, "ಎದೆ ಹಿಡ್ಕೊಳ್ಳೋದನ್ನ ಬಿಟ್ಟುಕೊಡ್ಬೇಕಾಯ್ತು. ಹೋಗ್ಲಿ, ಎಲ್ಲ ಕಡೆ ಹಾಗೇ ತೋರಿಸ್ತಾರೆ" ಎಂದಳು.

ಎದೆ ಹಿಡಿದುಕೊಂಡರೆ ತಪ್ಪೇನು ಚಿಕ್ಕಮ್ಮ, ಎಂದು ಕೇಳಬಹುದಿತ್ತು. ಅಮ್ಮ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದಳು. ನಾನು ಇನ್ನಷ್ಟು ಬಡಿಸು ಎಂದೆ.

ಆ ಕಂತು ಬಂದು ಐದು ವಾರ ಕಳೆದಿತ್ತು. ಒಂದು ಮಂಗಳವಾರ ಬೆಳಗ್ಗೆ ಏಳು ಗಂಟೆಗೆ ಅಮ್ಮ ಬಚ್ಚಲ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದಳು.

"ಏನಾಯ್ತಮ್ಮ?"

"ದವಡೆ ಹಿಡಿದ ಹಾಗಾಗತ್ತೆ. ಆ ಹಳೇ ಹುಳುಕು ಹಲ್ಲೇ ಇರ್ಬೇಕು. ಉಪ್ಪುನೀರು ಮುಕ್ಕಳಿಸಿದೀನಿ."

ಅವಳ ಹಣೆಯ ಮೇಲೆ ಬೆವರಿತ್ತು. ಒಲೆಯ ಮುಂದೆ ನಿಂತು ಬಂದವಳಲ್ಲ. ಅದನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ.

"ಬೆವರ್ತಿದೀಯಲ್ಲ. ಎದೆ ಗಿದೆ ನೋವಿದ್ಯಾ?"

ಅಮ್ಮ ನಕ್ಕಳು. "ಎದೆಗೇನಾಗಿದೆ, ಗಟ್ಟಿಯಾಗಿದೆ. ಹಾರ್ಟಿನ ನೋವು ಹೇಗಿರತ್ತೆ ಅಂತ ನಂಗೊತ್ತಿಲ್ವಾ? ನಿನ್ನ ಚಿಕ್ಕಮ್ಮನೇ ತೋರಿಸಿದಾಳಲ್ಲ, ತಟ್ಟೆ ಬೀಳತ್ತೆ, ಎದೆ ಹಿಡ್ಕೊಂಡು ದೊಪ್ಪಂತ ಬೀಳ್ತಾರೆ. ನಾನು ನೆಟ್ಟಗೆ ನಿಂತಿದೀನಿ."

"ಚಿಕ್ಕಮ್ಮಂಗೆ ಒಂದು ಫೋನ್ ಮಾಡ್ಲಾ?"

"ಆರು ಗಂಟೆಗೇ ಶೂಟಿಂಗಿಗೆ ಹೋದ್ಳು. ಒಂದು ಹಲ್ಲು ನೋವಿಗೆ ಅವಳ ಕೆಲಸ ಕೆಡಿಸ್ಬೇಕಾ? ನೀನು ಹೋಗು, ಹೊತ್ತಾಯ್ತು. ಸಂಜೆ ಹಲ್ಲಿನ ಡಾಕ್ಟ್ರ ಹತ್ರ ಹೋಗೋಣ."

ನಾನು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ನಾಲ್ಕು ಗಂಟೆಗೆ ಹೇಳಿಟ್ಟು ಕಚೇರಿಗೆ ಹೋದೆ. ಮಧ್ಯಾಹ್ನ ಒಮ್ಮೆ ಫೋನಿನಲ್ಲಿ ವಿಚಾರಿಸಿದಾಗ, "ಸ್ವಲ್ಪ ಸುಸ್ತು, ಊಟ ಸೇರ್ಲಿಲ್ಲ, ಮಲಗಿದೀನಿ" ಎಂದಳು. ಹಲ್ಲು ನೋವಿದ್ದರೆ ಯಾರಿಗೆ ಊಟ ಸೇರುತ್ತದೆ?

ಮೂರೂವರೆಗೆ ಬಂದು ಕರೆದುಕೊಂಡು ಹೊರಟೆ. ಹಲ್ಲಿನ ಆಸ್ಪತ್ರೆ ಎರಡು ಬೀದಿಯಾಚೆ, ಮೊದಲ ಮಹಡಿಯಲ್ಲಿ. ಮೂರನೆಯ ಮೆಟ್ಟಿಲಿಗೆ ಅಮ್ಮ ಕೂತುಬಿಟ್ಟಳು. "ತಾಳೇ, ಉಸಿರು ಹಿಡಿದ ಹಾಗಾಗತ್ತೆ." ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಕೂಗಿಗೆ ಹಲ್ಲಿನ ಡಾಕ್ಟರು ಕೈಗವಸಿನಲ್ಲೇ ಇಳಿದು ಬಂದರು. ನಾಡಿ ಹಿಡಿದರು, ಎಷ್ಟು ಹೊತ್ತಿನಿಂದ ಎಂದು ಕೇಳಿದರು. ನಾನು ಬೆಳಗ್ಗೆಯಿಂದ ಎಂದೆ. ಅವರು ಮತ್ತೆ ಏನೂ ಕೇಳದೆ ತಮ್ಮ ಕಾರು ತಂದು ನಮ್ಮನ್ನು ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದರು. ದಾರಿಯಲ್ಲಿ ಅಮ್ಮ ನನ್ನ ಕೈ ಹಿಡಿದು, "ಹಲ್ಲು ಕೀಳೋದು ಬೇಡ ಅಂತ ಹೇಳು, ನಂಗೆ ಹೆದರಿಕೆ" ಎಂದಳು. ಅದೇ ಕೊನೆಯ ಮಾತು.

ನನ್ನ ಫೋನು ಸಿಕ್ಕಿದ್ದೇ ಚಿಕ್ಕಮ್ಮ ಶೂಟಿಂಗಿನ ಬಿಳಿ ಕೋಟಿನಲ್ಲೇ ಓಡಿ ಬಂದಳು. ಅವಳದೇ ಹಳೆಯ ಆಸ್ಪತ್ರೆ. ಯಾರೂ ತಡೆಯಲಿಲ್ಲ, ನೆಟ್ಟಗೆ ಒಳಗೆ ಹೋದಳು. ನಾನು ವರಾಂಡದಲ್ಲಿ ನಿಂತಿದ್ದೆ. ಸುತ್ತ ಕ್ಯಾರಿಯರ್ ಹಿಡಿದವರು, ಚಾಪೆ ಸುತ್ತಿಟ್ಟುಕೊಂಡವರು, ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದವರು. ಚಿಕ್ಕಮ್ಮ ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಮುಕ್ಕಾಲು ಗಂಟೆಯ ನಂತರ ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ. ಆ ಕಡೆ ಈ ಕಡೆ ನೋಡಿದಳು. ಬೆಂಚುಗಳೆಲ್ಲ ತುಂಬಿದ್ದವು. ನರ್ಸುಗಳ ಮೇಜಿನ ಹತ್ತಿರ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು, ಕೋಟಿನ ತುದಿಯಿಂದ ಒರೆಸಿ, ನನ್ನ ಮುಂದಿಟ್ಟಳು.

"ಕೂತ್ಕೋ ಮಗಳೇ."

ನಾನು ಆ ಕಂತು ನೋಡಿದ್ದೆನಲ್ಲ. "ನಾನು ಕೂರಲ್ಲ" ಎಂದೆ.

"ಕೂತ್ಕೋ."

"ಕೂರಲ್ಲ ಅಂದ್ನಲ್ಲ. ನೀನು ಆ ಕುರ್ಚಿ ತಗೊಂಡು ಹೋಗು."

ಕೂರುವವರೆಗೆ ಅವಳು ಹೇಳುವಂತಿಲ್ಲ, ಹೇಳುವವರೆಗೆ ಅಮ್ಮ ಇದ್ದಾಳೆ ಎಂಬ ಲೆಕ್ಕ ನನ್ನದು. ಚಿಕ್ಕಮ್ಮ ಸ್ವಲ್ಪ ಹೊತ್ತು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. ಆಮೇಲೆ ತಾನೇ ಅದರಲ್ಲಿ ಕೂತಳು. ಆ ವರಾಂಡದಲ್ಲಿ ಮೂವತ್ನಾಲ್ಕು ವರ್ಷದಲ್ಲಿ ಅವಳು ಕೂತದ್ದನ್ನು ಯಾರೂ ನೋಡಿರಲಿಲ್ಲವಂತೆ. ಕೂತು, ನನ್ನ ಕೈ ಹಿಡಿದು, "ಅಕ್ಕ ಹೋದ್ಳು" ಎಂದಳು.

ನಾನು ಅಳಲಿಲ್ಲ. ಅವಳು ಕೇಳಿದಳು, "ಎಷ್ಟೊತ್ತಿಗೆ ಶುರುವಾಯ್ತು?"

"ಬೆಳಗ್ಗೆ ಏಳಕ್ಕೆ. ದವಡೆ ನೋವು ಅಂದ್ಳು."

"ಬೆವರು?"

"ಇತ್ತು."

"ಮತ್ಯಾಕೆ ನಂಗೆ ಒಂದು ಫೋನ್ ಮಾಡ್ಲಿಲ್ಲ?"

ಅವಳು ಗದರಿದ್ದಲ್ಲ, ಮೆತ್ತಗೆ ಕೇಳಿದಳು. ಆದರೆ ನನಗೆ ಎಲ್ಲಿತ್ತೋ ಸಿಟ್ಟು. ತಪ್ಪು ನನ್ನ ಮೇಲೆ ಬರುತ್ತಿದೆ ಅನ್ನಿಸಿತು, ಕೈಗೆ ಸಿಕ್ಕಿದ್ದನ್ನು ಎತ್ತಿ ಅವಳ ಮೇಲೆ ಎಸೆದೆ.

"ನಾನು ಕೇಳ್ದೆ. ಎದೆ ನೋವಿದ್ಯಾ ಅಂತ ಕೇಳ್ದೆ. ಹಾರ್ಟಿನ ನೋವು ಹೇಗಿರತ್ತೆ ಅಂತ ನಂಗೊತ್ತು, ನಿನ್ನ ಚಿಕ್ಕಮ್ಮನೇ ತೋರಿಸಿದಾಳಲ್ಲ ಅಂದ್ಳು. ಎದೆ ಹಿಡ್ಕೊಂಡು ಬಿದ್ದಿಲ್ವಲ್ಲ ಅಂದ್ಳು. ನಿನ್ನನ್ನ ನಂಬಿ ಕೆಟ್ಳು."

ಕೊನೆಯ ಮಾತು ಅಮ್ಮನದಲ್ಲ, ನನ್ನದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಚಿಕ್ಕಮ್ಮ ನನ್ನ ಕೈ ಬಿಟ್ಟಳು. "ಟೀ ಕುಡಿಯೋ ಅಷ್ಟು ಹೊತ್ತು ಯೋಚನೆ ಮಾಡಿದ್ದೆ" ಎಂದಳು. ಅಷ್ಟೇ.

ಮರುದಿನದಿಂದ ಅವಳು ಶೂಟಿಂಗಿಗೆ ಹೋಗಲಿಲ್ಲ. ನಿರ್ದೇಶಕರು ಮನೆಗೆ ಬಂದರು, ತುಂಬ ನೊಂದುಕೊಂಡರು. ಅವಳು ಕೇಳಿದ್ದು ಒಂದೇ, ದವಡೆ ನೋವಿನ ಹೆಂಗಸೊಬ್ಬಳನ್ನು ತೋರಿಸಿ. ಅವರು ತೋರಿಸಿದರು ಕೂಡ. ಆದರೆ ಅಷ್ಟರಲ್ಲಿ ಧಾರಾವಾಹಿಯ ಹೊತ್ತು ಬದಲಾಗಿ ಮಧ್ಯಾಹ್ನ ಎರಡಕ್ಕೆ ಹೋಗಿತ್ತು. ಆ ದೃಶ್ಯ ಎಷ್ಟು ಜನ ನೋಡಿದರೋ ಗೊತ್ತಿಲ್ಲ. ನಾವಂತೂ ನೋಡಲಿಲ್ಲ, ಟಿವಿಯ ತಂತಿ ಕಿತ್ತಿಟ್ಟಿದ್ದೆವು.

ಇದಾಗಿ ಒಂಬತ್ತು ವರ್ಷವಾಯಿತು. ಚಿಕ್ಕಮ್ಮನಿಗೀಗ ಎಪ್ಪತ್ತೊಂದು. ಮಹಡಿ ಹತ್ತಲಾರಳು, ಕೆಳಗೆ ಅಮ್ಮನ ಕೋಣೆಯಲ್ಲಿದ್ದಾಳೆ. ಈಗಲೂ ಚಾದರದ ಮೂಲೆ ಮಡಿಸುತ್ತಾಳೆ, ಸಡಿಲವಿದ್ದರೆ ಬೈಯುತ್ತಾಳೆ. ಒಂದು ಮಾತ್ರ ಬದಲಾಗಿದೆ. ಮನೆಗೆ ಯಾರು ಬಂದರೂ "ಬನ್ನಿ" ಎನ್ನುತ್ತಾಳೆಯೇ ಹೊರತು "ಕೂತ್ಕೊಳ್ಳಿ" ಎನ್ನುವುದಿಲ್ಲ. ಬಂದವರು ನಿಂತೇ ಇರುತ್ತಾರೆ, ನಾನು ಒಳಗಿನಿಂದ ಕೂಗಿ ಹೇಳಬೇಕು.

ಆ ದಿನದ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ನೀನು ಊಟಕ್ಕೆ ಕೂತು 'ಎದೆ ಬಿಟ್ಟುಕೊಟ್ಟೆ' ಎಂದಾಗ ನಾನೂ ಕೇಳಿಸಿಕೊಂಡಿದ್ದೆ ಚಿಕ್ಕಮ್ಮ, ಯಾಕೆ ಎಂದು ಕೇಳದೆ ಸಾರು ಬಡಿಸಿಕೊಂಡೆ. ಬೆವರು ನೋಡಿಯೂ ಕಚೇರಿಗೆ ಹೋದದ್ದು ನಾನು. ನಿನ್ನನ್ನು ನಂಬಿ ಅಮ್ಮ ಕೆಡಲಿಲ್ಲ. ಇಷ್ಟನ್ನು ಹೇಳಬೇಕು. ಕಳೆದ ಭಾನುವಾರ ಬೆಳಗ್ಗೆ ಧೈರ್ಯ ಮಾಡಿದೆ. ಕಾಫಿ ತಂದಿಟ್ಟು, ಕಿಟಕಿಯ ಪಕ್ಕದ ಕುರ್ಚಿಯನ್ನು ಅವಳ ಕಡೆಗೆ ಎಳೆದೆ.

"ಚಿಕ್ಕಮ್ಮ, ಒಂದು ಮಾತು. ಕೂತ್ಕೋ."

ಅವಳ ಮುಖದ ಬಣ್ಣ ಇಳಿದುಹೋಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಯಾರು?" ಎಂದು ಕೇಳಿದಳು.

"ಯಾರೂ ಅಲ್ಲ ಚಿಕ್ಕಮ್ಮ. ಕಾಫಿ ಆರತ್ತೆ, ಅದಕ್ಕೆ ಅಂದೆ."

ಅವಳು ನಿಂತೇ ಕಾಫಿ ಕುಡಿದಳು. ಹೇಳಬೇಕಾದದ್ದು ಮತ್ತೆ ನನ್ನ ಹೊಟ್ಟೆಯೊಳಗೇ ಉಳಿಯಿತು. ಅದಕ್ಕೇ ಇದನ್ನು ಟೈಪ್ ಮಾಡಿ ಅವಳ ದಿಂಬಿನ ಪಕ್ಕ ಇಡುತ್ತಿದ್ದೇನೆ. ಪೆನ್ಸಿಲನ್ನೂ ಇಟ್ಟಿದ್ದೇನೆ. ತಪ್ಪು ಹುಡುಕದೆ ಅವಳು ಏನನ್ನೂ ಓದಿದವಳಲ್ಲ. ಹುಡುಕಲಿ, ಇದರಲ್ಲಿರುವ ತಪ್ಪೆಲ್ಲ ನನ್ನದೇ.